ಗಾಳಿಯ ಅಳತೆ: ಮಾರ್ಪಡಿಸಿದ ಜೀಪಿನ ಟೈರಿನ ಒತ್ತಡವನ್ನು ಕುರಿತ ವಿವೇಚನೆ

ಪುಣೆಯಿಂದ ನಾಸಿಕಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಚಾಕಣವು ಇತಿಹಾಸದ ಅಭ್ಯಾಸಿಗಳಿಗೆ ಅಪರಿಚಿತವಾದ ಊರಲ್ಲ. 1660ರಲ್ಲಿ ಶಾಯಿಸ್ತೇಖಾನನ ದಂಡನ್ನು ಫಿರಂಗೋಜಿ ನರಸಾಳನು ಸುಮಾರು ಎರಡು ತಿಂಗಳ ಕಾಲ ತಡೆದು ನಿಲ್ಲಿಸಿದ ಸಂಗ್ರಾಮದುರ್ಗವಿರುವುದು ಇಲ್ಲಿಯೇ. ವ್ಯಾಪಾರಿಗಳ ಪಾಲಿಗೆ ಇದು ಉಳ್ಳಾಗಡ್ಡಿ, ಬಟಾಟೆಗಳ ಪೇಟೆ. ಆದರೆ ಈ ಶತಮಾನದ ಮೊದಲ ದಶಕದಿಂದ ಈಚೆಗೆ ಚಾಕಣವೆಂದೊಡನೆ ಕಣ್ಣಮುಂದೆ ನಿಲ್ಲುವುದು ಮೋಟಾರು ಕಾರ್ಖಾನೆಗಳ ಸಾಲು. ಬಜಾಜ್, ಮಹೀಂದ್ರ ಮೊದಲಾದ ದೇಶೀಯ ಸಂಸ್ಥೆಗಳೂ, 2009ರಲ್ಲಿ ಇಲ್ಲಿ ಕಾರ್ಖಾನೆ ತೆರೆದ ಫೋಕ್ಸ್‌ವ್ಯಾಗನ್, ಮರ್ಸಿಡಿಸ್-ಬೆಂಜ್ ಸಂಸ್ಥೆಗಳೂ, 2013ರಲ್ಲಿ ಆರಂಭವಾದ ಬ್ರಿಜ್‌ಸ್ಟೋನ್ ಟೈರು ಕಾರ್ಖಾನೆಯೂ ಸೇರಿ ಈ ಹಳೆಯ ಪೇಟೆಯ ಮುಖವನ್ನೇ ಬದಲಿಸಿವೆ. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳಿಂದ ಉದ್ಯೋಗವನ್ನರಸಿ ಬಂದ ಕನ್ನಡಿಗರು ಇಲ್ಲಿ ಯಂತ್ರಗಳ ಮುಂದೆಯೂ ಇದ್ದಾರೆ, ಮೇಜುಗಳ ಹಿಂದೆಯೂ ಇದ್ದಾರೆ.

ಈ ಕಾರ್ಖಾನೆಗಳಿಂದ ಹೊರಬೀಳುವ ಪ್ರತಿಯೊಂದು ವಾಹನದಲ್ಲಿಯೂ, ಸಾಮಾನ್ಯವಾಗಿ ಚಾಲಕನ ಬಾಗಿಲಿನ ಕಂಬದ ಮೇಲೆ, ಒಂದು ಚಿಕ್ಕ ಫಲಕವಿರುತ್ತದೆ. ಮುಂದಿನ ಟೈರಿಗೆ ಇಷ್ಟು, ಹಿಂದಿನ ಟೈರಿಗೆ ಇಷ್ಟು ಗಾಳಿ ಎಂದು ಅದು ಹೇಳುತ್ತದೆ. ಬಹುಮಂದಿ ಅದನ್ನು ಓದುವುದೇ ಇಲ್ಲ. ಓದಿದವರು ಅದು ವಾಹನದೊಡನೆ ಹುಟ್ಟಿ ವಾಹನದೊಡನೆ ಇರುವ ಶಾಶ್ವತ ಅಂಕೆಯೆಂದು ಭಾವಿಸುತ್ತಾರೆ. ವಾಹನವು ಕಾರ್ಖಾನೆಯಿಂದ ಬಂದಂತೆಯೇ ಇರುವವರೆಗೆ ಈ ಭಾವನೆಯಿಂದ ಹಾನಿಯಿಲ್ಲ. ಆದರೆ ಗುಡ್ಡಗಾಡಿನ ಓಟದ ಹವ್ಯಾಸವುಳ್ಳವರು ಅದೇ ವಾಹನವನ್ನು ಎತ್ತರಿಸಿ, ದೊಡ್ಡ ಟೈರು ಹಾಕಿಸಿ, ಮುಂದೆ ಉಕ್ಕಿನ ಬಂಪರು, ವಿಂಚುಗಳನ್ನೂ, ನೆತ್ತಿಯ ಮೇಲೆ ಸಾಮಾನಿನ ಚೌಕಟ್ಟನ್ನೂ ಕೂಡಿಸಿದಾಗ, ಫಲಕವು ಇದ್ದಂತೆಯೇ ಇದ್ದು ವಾಹನವು ಬೇರೆಯೇ ಆಗಿರುತ್ತದೆ. ಹಾಗಾದರೆ ಈ ಹೊಸ ವಾಹನಕ್ಕೆ ಎಷ್ಟು ಗಾಳಿ? ಈ ಪ್ರಶ್ನೆಗೆ ಗೆಳೆಯರಿಂದಲೂ ಗ್ಯಾರೇಜಿನವರಿಂದಲೂ ಬಗೆಬಗೆಯ ಉತ್ತರಗಳು ಬರುತ್ತವೆ. ಅಂಕೆಯನ್ನು ಕೇಳಿ ಪಡೆಯುವುದಲ್ಲ, ಅಳೆದು ಪಡೆಯಬೇಕು ಎಂಬುದನ್ನೂ, ಅಳೆಯುವ ಕ್ರಮವೇನೆಂಬುದನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

1. ಭಾರವನ್ನು ಹೊರುವ ಗಾಳಿ

ಟೈರಿನ ರಬ್ಬರೇ ಭಾರ ಹೊರುತ್ತದೆಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ರಬ್ಬರೂ ಅದರೊಳಗಿನ ನೂಲು, ತಂತಿಗಳೂ ಗಾಳಿಯನ್ನು ಹಿಡಿದಿಡುವ ಗಟ್ಟಿಯಾದ ಚೀಲವಿದ್ದಂತೆ; ಭಾರದ ಬಹುಪಾಲನ್ನು ಹೊರುವುದು ಒಳಗೆ ಒತ್ತಿ ತುಂಬಿದ ಗಾಳಿ. 1845ರಲ್ಲಿ ರಾಬರ್ಟ್ ವಿಲಿಯಂ ಥಾಮ್ಸನ್ ಪೇಟೆಂಟು ಪಡೆದು, ಜನ ಮರೆತು, 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಮತ್ತೆ ಕಂಡುಕೊಂಡ ಉಪಾಯದ ಸಾರವೆಲ್ಲ ಇಷ್ಟೇ: ಗಾಡಿಯನ್ನು ಗಾಳಿಯ ದಿಂಬಿನ ಮೇಲೆ ಕೂರಿಸುವುದು.

ದಿಂಬು ಎಷ್ಟು ತಗ್ಗುತ್ತದೆಂಬುದಕ್ಕೆ ಸರಳವಾದ ಲೆಕ್ಕವಿದೆ. ಗ್ಯಾರೇಜಿನ ಮಾತಿನಲ್ಲಿ ‘ಮೂವತ್ತು ಗಾಳಿ’ ಎಂದರೆ ಚದರ ಅಂಗುಲಕ್ಕೆ 30 ಪೌಂಡು ಒತ್ತಡ. ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ. (ಮುಂದೆ ಇದನ್ನು ‘ಪೌಂಡು’ ಎಂದಷ್ಟೇ ಹೇಳಲಾಗಿದೆ.) ಒಂದು ಟೈರಿನ ಮೇಲೆ 590 ಕಿಲೋ ಭಾರವಿದ್ದರೆ, ಅದನ್ನು ಹೊರಲು ಸುಮಾರು 280 ಚದರ ಸೆಂಟಿಮೀಟರಿನಷ್ಟು ನೆಲವನ್ನು ಟೈರು ಮುಟ್ಟಬೇಕು. ಒತ್ತಡವನ್ನು 15 ಪೌಂಡಿಗೆ ಇಳಿಸಿದರೆ ಅದೇ ಭಾರಕ್ಕೆ ಎರಡರಷ್ಟು, ಎಂದರೆ ಸುಮಾರು 560 ಚದರ ಸೆಂಟಿಮೀಟರು ಬೇಕಾಗುತ್ತದೆ. ಟೈರಿನ ಪಕ್ಕೆಗಳು ಗಡುಸಾಗಿದ್ದು ತಾವೂ ಒಂದಿಷ್ಟು ಭಾರವನ್ನು ಹೊರುವುದರಿಂದ ನಿಜವಾದ ಅಳತೆ ಇದಕ್ಕಿಂತ ಕಡಿಮೆಯಿರುತ್ತದೆ. ಆದರೂ ದಿಕ್ಕು ಇದೇ. ಹೀಗೆ ಹರಡಿಕೊಳ್ಳುವ ಟೈರು ಅಗಲದಲ್ಲಿ ಸ್ವಲ್ಪವೂ ಉದ್ದದಲ್ಲಿ ಹೆಚ್ಚಾಗಿಯೂ ಬೆಳೆಯುತ್ತದೆ ಎಂಬುದನ್ನು ಗಮನಿಸಬೇಕು. ಮೆತ್ತನೆಯ ನೆಲದಲ್ಲಿ ವಾಹನ ಮುಂದೆ ಸಾಗಲು ನೆರವಾಗುವುದು ಈ ಉದ್ದವೇ.

ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಬೆಳೆದವರಿಗೆ ಇದು ಹೊಸ ವಿಷಯವಲ್ಲ. ಮರದ ಗಾಲಿಯ ಸುತ್ತ ಕಬ್ಬಿಣದ ಪಟ್ಟಿ ಹೊಡೆದ ಬಂಡಿ, ಮಳೆ ಬಿದ್ದ ಎರೆಹೊಲದಲ್ಲಿ ಅಚ್ಚಿನವರೆಗೆ ಹೂತುಹೋಗುತ್ತಿತ್ತು. ಕಬ್ಬು ಹೇರುವ ‘ಟೈರು ಗಾಡಿ’ ಬಂದ ಮೇಲೆ ಅದೇ ಎತ್ತುಗಳು ಹೆಚ್ಚಿನ ಹೇರನ್ನು ಎಳೆದವು. ಎತ್ತುಗಳ ಬಲ ಹೆಚ್ಚಿದುದರಿಂದಲ್ಲ, ಭಾರವು ಹೆಚ್ಚಿನ ನೆಲದ ಮೇಲೆ ಹಂಚಿಹೋದುದರಿಂದ ಇದು ಸಾಧ್ಯವಾಯಿತು.

2. ಫಲಕದ ಅಂಕೆ ಯಾರದು?

ಕಾರ್ಖಾನೆಯ ಫಲಕದ ಅಂಕೆಯು ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ನಿರ್ದಿಷ್ಟ ಅಳತೆಯ ಟೈರು, ನಿರ್ದಿಷ್ಟ ಅಗಲದ ರಿಮ್ಮು, ಮುಂದಿನ ಮತ್ತು ಹಿಂದಿನ ಅಚ್ಚುಗಳ ಮೇಲೆ ನಿರ್ದಿಷ್ಟ ಭಾರ, ಮತ್ತು ಡಾಂಬರು ರಸ್ತೆಯ ವೇಗ. ಈ ನಾಲ್ಕರಲ್ಲಿ ಯಾವುದು ಬದಲಾದರೂ ಅಂಕೆಯ ಆಧಾರ ಸಡಿಲವಾಗುತ್ತದೆ. ಹೆಚ್ಚಾಗಿ ಮಾರ್ಪಡಿಸಿದ ಜೀಪಿನಲ್ಲಿ ಮೊದಲ ಮೂರೂ ಬದಲಾಗಿರುತ್ತವೆ. ಗುಡ್ಡಕ್ಕೆ ಹೊರಟಾಗ ನಾಲ್ಕನೆಯದೂ ಬದಲಾಗುತ್ತದೆ.

ಭಾರದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಉದಾಹರಣೆಗಾಗಿ, ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 2400 ಮಿಲಿಮೀಟರು ಅಂತರವಿರುವ ಒಂದು ಜೀಪನ್ನು ಕಲ್ಪಿಸಿಕೊಳ್ಳಬಹುದು. ಮುಂದಿನ ಅಚ್ಚಿಗಿಂತ 600 ಮಿಲಿಮೀಟರು ಮುಂದಕ್ಕೆ 90 ಕಿಲೋ ತೂಕದ ಬಂಪರು ಮತ್ತು ವಿಂಚನ್ನು ಕೂಡಿಸಿದರೆ ಮುಂದಿನ ಅಚ್ಚಿನ ಮೇಲೆ ಎಷ್ಟು ಭಾರ ಹೆಚ್ಚುತ್ತದೆ? 90 ಕಿಲೋ ಎಂಬುದು ಸಹಜವಾದ ಉತ್ತರ, ಅದು ತಪ್ಪು. ಸನ್ನೆಗೋಲಿನ ನಿಯಮದಂತೆ ಮುಂದಿನ ಅಚ್ಚಿನ ಮೇಲೆ 112.5 ಕಿಲೋ ಹೆಚ್ಚಿ, ಹಿಂದಿನ ಅಚ್ಚಿನ ಮೇಲೆ 22.5 ಕಿಲೋ ಕಡಿಮೆಯಾಗುತ್ತದೆ. ಹಿಂದೆ ತೂಗುಹಾಕಿದ ದೊಡ್ಡ ಸ್ಟೆಪ್ನಿ, ಡೀಸೆಲ್ ಡಬ್ಬಗಳು ಇದೇ ಆಟವನ್ನು ಹಿಂಬದಿಯಲ್ಲಿ ಆಡುತ್ತವೆ. ಹೀಗೆ ಕೂಡಿಸಿದ ಸಾಮಾನಿನ ತೂಕವನ್ನು ಮನಸ್ಸಿನಲ್ಲಿಯೇ ಕೂಡಿ ಎರಡು ಅಚ್ಚುಗಳಿಗೆ ಸಮನಾಗಿ ಹಂಚಿದವನ ಲೆಕ್ಕ ತಪ್ಪದೆ ಇರದು.

ಟೈರಿನ ವಿಷಯದಲ್ಲಿಯೂ ಎಡವುವ ಸ್ಥಳಗಳಿವೆ. ದೊಡ್ಡ ಟೈರಿನೊಳಗೆ ಹೆಚ್ಚು ಗಾಳಿ ಹಿಡಿಸುವುದರಿಂದ ಅದೇ ಭಾರವನ್ನು ಅದು ಕಡಿಮೆ ಒತ್ತಡದಲ್ಲಿ ಹೊರಬಲ್ಲುದು. ಇದಕ್ಕೆ ವಿರುದ್ಧವಾಗಿ, ಕಾರಿನ ಜಾತಿಯ ಟೈರನ್ನು ತೆಗೆದು ಲಘು ಟ್ರಕ್ಕಿನ ಜಾತಿಯ ದಪ್ಪ ಟೈರನ್ನು ಹಾಕಿದರೆ, ಅಳತೆ ಒಂದೇ ಆಗಿದ್ದರೂ ಅದೇ ಭಾರಕ್ಕೆ ಹೆಚ್ಚು ಒತ್ತಡ ಬೇಕಾಗುತ್ತದೆ. ಕೆಲವರು ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿದ 50 ಪೌಂಡು ಎಂಬ ಅಂಕೆಯನ್ನು ನೋಡಿ ಅಷ್ಟನ್ನೂ ತುಂಬಿಸುತ್ತಾರೆ. ಅದು ಆ ಟೈರಿನ ಪೂರ್ಣ ಭಾರಕ್ಕೆ ಸಂಬಂಧಪಟ್ಟ ಅಂಕೆಯೇ ಹೊರತು ಈ ವಾಹನಕ್ಕೆ ಮಾಡಿದ ಶಿಫಾರಸಲ್ಲ. ಹಾಗೆ ತುಂಬಿದ ಟೈರು ನಡುಪಟ್ಟಿಯ ಮೇಲಷ್ಟೇ ನಿಂತು, ತೇವದ ರಸ್ತೆಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ.

3. ತೂಕದಿಂದ ಅಂಕೆಗೆ

ಆದುದರಿಂದ ಮೊದಲ ಹೆಜ್ಜೆ ತಕ್ಕಡಿಯ ಕಡೆಗೆ. ಚಾಕಣದಂಥ ಊರಿನಲ್ಲಿ ಲಾರಿಗಳನ್ನು ತೂಗುವ ಕಾಟಾಗಳಿಗೆ ಕೊರತೆಯಿಲ್ಲ. ಜೀಪನ್ನು ಪ್ರಯಾಣಕ್ಕೆ ಹೊರಡುವ ಸ್ಥಿತಿಯಲ್ಲಿಯೇ ಅಲ್ಲಿಗೆ ಒಯ್ಯಬೇಕು: ಟಾಂಕಿ ತುಂಬಿರಬೇಕು, ಸಾಮಾನು ಹೇರಿರಬೇಕು, ಕೂರುವವರು ಕುಳಿತಿರಬೇಕು. ಮೊದಲು ಮುಂದಿನ ಗಾಲಿಗಳನ್ನಷ್ಟೇ ಕಾಟಾದ ಮೇಲೆ ನಿಲ್ಲಿಸಿ ತೂಕ ಬರೆದುಕೊಳ್ಳಬೇಕು; ಅನಂತರ ಇಡೀ ವಾಹನವನ್ನು; ಕೊನೆಗೆ ಹಿಂದಿನ ಗಾಲಿಗಳನ್ನಷ್ಟೇ. ಮೊದಲನೆಯ ಮತ್ತು ಮೂರನೆಯ ತೂಕಗಳ ಮೊತ್ತವು ಎರಡನೆಯದಕ್ಕೆ ಹೆಚ್ಚುಕಡಿಮೆ ಸರಿಹೋದರೆ ಲೆಕ್ಕ ತಾಳೆಯಾಯಿತೆಂದು ತಿಳಿಯಬಹುದು.

ಕಲ್ಪಿತ ಜೀಪಿನ ಮುಂದಿನ ಅಚ್ಚು 1120 ಕಿಲೋ, ಹಿಂದಿನ ಅಚ್ಚು 1180 ಕಿಲೋ ತೂಗಿತೆಂದು ಭಾವಿಸಬಹುದು. ಎಂದರೆ ಮುಂದಿನ ಪ್ರತಿ ಟೈರಿಗೆ 560, ಹಿಂದಿನ ಪ್ರತಿ ಟೈರಿಗೆ 590 ಕಿಲೋ. ಎರಡನೆಯ ಹೆಜ್ಜೆ ಟೈರಿನ ಭಾರಪಟ್ಟಿಯನ್ನು ನೋಡುವುದು. ಯಾವ ಒತ್ತಡದಲ್ಲಿ ಯಾವ ಟೈರು ಎಷ್ಟು ಭಾರ ಹೊರಬಲ್ಲುದೆಂಬ ಪಟ್ಟಿಗಳನ್ನು ಭಾರತದಲ್ಲಿ ಇಂಡಿಯನ್ ಟೈರ್ ಟೆಕ್ನಿಕಲ್ ಅಡ್ವೈಸರಿ ಕಮಿಟಿಯೂ, ಅಮೆರಿಕದಲ್ಲಿ ಟೈರ್ ಅಂಡ್ ರಿಮ್ ಅಸೋಸಿಯೇಶನ್ನೂ ಪ್ರಕಟಿಸುತ್ತವೆ. ಟೈರು ತಯಾರಕರಿಂದಲೂ ಅವನ್ನು ಪಡೆಯಬಹುದು. ಜೀಪುಗಳಿಗೆ ಬಹಳವಾಗಿ ಹಾಕುವ 31×10.50 ಆರ್ 15 ಅಳತೆಯ, ‘ಸಿ’ ವರ್ಗದ ಟೈರನ್ನು ತೆಗೆದುಕೊಂಡರೆ, ಅದು 50 ಪೌಂಡಿನಲ್ಲಿ 1030 ಕಿಲೋ, 35 ಪೌಂಡಿನಲ್ಲಿ ಸುಮಾರು 800, 30ರಲ್ಲಿ ಸುಮಾರು 720, 25ರಲ್ಲಿ ಸುಮಾರು 635 ಕಿಲೋ ಹೊರುತ್ತದೆ. ಒತ್ತಡ ಅರ್ಧವಾದರೆ ಸಾಮರ್ಥ್ಯವೂ ಅರ್ಧವಾಗುವುದಿಲ್ಲ, ಸುಮಾರು ಐದರಲ್ಲಿ ಮೂರು ಪಾಲು ಉಳಿಯುತ್ತದೆಂಬುದು ಈ ಪಟ್ಟಿಯಿಂದ ತಿಳಿಯುತ್ತದೆ.

ಇನ್ನು 25 ಪೌಂಡೇ ಸಾಕಲ್ಲವೆ ಎಂದು ವಾಚಕರು ಕೇಳಬಹುದು. ಅಚ್ಚಿನ ಭಾರ ಎಡಬಲಕ್ಕೆ ಸಮನಾಗಿ ಹಂಚಿರುವುದಿಲ್ಲ. ಬ್ರೇಕು ಹಾಕಿದಾಗ ಭಾರ ಮುಂದಕ್ಕೆ, ತಿರುವಿನಲ್ಲಿ ಹೊರಪಕ್ಕಕ್ಕೆ ಸರಿಯುತ್ತದೆ. ಎತ್ತರಿಸಿದ ಜೀಪಿನಲ್ಲಿ ಈ ಸರಿಯುವಿಕೆ ಇನ್ನೂ ಹೆಚ್ಚು. ಆದುದರಿಂದ ತೂಕಕ್ಕೆ ಐದನೆಯ ಒಂದು ಪಾಲನ್ನು ಭದ್ರತೆಗಾಗಿ ಕೂಡಿಸುವುದು ವಿವೇಕ. ಹಿಂದಿನ ಟೈರಿಗೆ 590ರ ಬದಲು 708 ಕಿಲೋ ಎಂದು ಹಿಡಿದರೆ 30 ಪೌಂಡು. ಮುಂದಿನದಕ್ಕೆ 672 ಎಂದು ಹಿಡಿದರೆ 28 ಪೌಂಡು. ಡಾಂಬರು ರಸ್ತೆಗೆ ಇದು ಆರಂಭದ ಅಂಕೆ. ಆರಂಭದ ಅಂಕೆ ಎಂಬ ಮಾತನ್ನು ಒತ್ತಿ ಹೇಳಬೇಕು. ಇದಿನ್ನೂ ಕಾಗದದ ಮೇಲಿನ ಲೆಕ್ಕ. ರಸ್ತೆಯ ಸಾಕ್ಷ್ಯ ಬಾಕಿಯಿದೆ.

4. ರಸ್ತೆಯ ಸಾಕ್ಷ್ಯ

ಗಾಳಿಯನ್ನು ಅಳೆಯುವುದು ಟೈರು ತಣ್ಣಗಿರುವಾಗ, ಬೆಳಗ್ಗೆ ಹೊರಡುವ ಮುನ್ನ. ಓಡಿದ ಟೈರಿನೊಳಗಿನ ಗಾಳಿ ಕಾದು ಹಿಗ್ಗುತ್ತದೆ. ಈ ಒತ್ತಡಗಳಲ್ಲಿ ಸುಮಾರು 6 ಡಿಗ್ರಿ ಸೆಂಟಿಗ್ರೇಡಿಗೆ 1 ಪೌಂಡಿನಂತೆ ಏರುತ್ತದೆ. ಏರಿತೆಂದು ಬಿಸಿ ಟೈರಿನಿಂದ ಗಾಳಿ ಬಿಡುವುದು ದೊಡ್ಡ ತಪ್ಪು. ತಣಿದ ಮೇಲೆ ಅದು ಕೊರತೆಯಲ್ಲಿರುತ್ತದೆ. ಬೇರೆ ಬೇರೆ ಮಾಪಕಗಳು ಎರಡು ಮೂರು ಪೌಂಡುಗಳಷ್ಟು ಭಿನ್ನವಾಗಿ ತೋರಿಸುವುದುಂಟು. ಆದುದರಿಂದ ಒಳ್ಳೆಯದೊಂದು ಮಾಪಕವನ್ನು ಕೊಂಡು ಯಾವಾಗಲೂ ಅದರಿಂದಲೇ ಅಳೆಯಬೇಕು.

ಆದರೆ ಈ ಏರಿಕೆಯೇ ಒಂದು ಪರೀಕ್ಷೆಯೂ ಆಗುತ್ತದೆ. ರಬ್ಬರನ್ನು ಬಾಗಿಸಿದಾಗ ಪಡೆದ ಶಕ್ತಿಯನ್ನೆಲ್ಲ ಅದು ನೆಟ್ಟಗಾಗುವಾಗ ಹಿಂದಿರುಗಿಸುವುದಿಲ್ಲ, ಉಳಿದದ್ದು ಶಾಖವಾಗುತ್ತದೆ. 31 ಅಂಗುಲದ ಟೈರು ಒಂದು ಕಿಲೋಮೀಟರಿಗೆ ಸುಮಾರು 400 ಸುತ್ತು ಸುತ್ತುತ್ತದೆ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಅದರ ಪಕ್ಕೆಯ ಪ್ರತಿಯೊಂದು ಬಿಂದುವೂ ಗಂಟೆಗೆ ಮೂವತ್ತೆರಡು ಸಾವಿರ ಸಲ ಬಾಗಿ ನೆಟ್ಟಗಾಗುತ್ತದೆ. ಗಾಳಿ ಕಡಿಮೆಯಿದ್ದಷ್ಟೂ ಬಾಗು ಹೆಚ್ಚು, ಬಾಗು ಹೆಚ್ಚಿದಷ್ಟೂ ಶಾಖ ಹೆಚ್ಚು. ಇದನ್ನು ಆಧರಿಸಿ ಆಸ್ಟ್ರೇಲಿಯದ ಒಳನಾಡಿನಲ್ಲಿ ಓಡಾಡುವವರು ಒಂದು ರೂಢಿಯನ್ನು ಇಟ್ಟುಕೊಂಡಿದ್ದಾರೆ. ತಣ್ಣನೆಯ ಅಂಕೆಯನ್ನು ಬರೆದುಕೊಂಡು, ಒಂದು ಗಂಟೆ ಒಂದೇ ಬಗೆಯ ರಸ್ತೆಯಲ್ಲಿ ಓಡಿಸಿ, ಮತ್ತೆ ಅಳೆಯುವುದು. ಏರಿಕೆಯು ಸುಮಾರು 4 ಪೌಂಡು ಇದ್ದರೆ ಸರಿ. ಅದಕ್ಕಿಂತ ಬಹಳ ಹೆಚ್ಚಾದರೆ ಟೈರು ಅತಿಯಾಗಿ ಬಾಗುತ್ತಿದೆ, ಗಾಳಿ ಸಾಲದು. ತೀರ ಕಡಿಮೆಯಾದರೆ ಗಾಳಿ ಹೆಚ್ಚಾಗಿದೆ. ಲಘು ಟ್ರಕ್ಕಿನ ದಪ್ಪ ಟೈರುಗಳಿಗೆ ಆರರವರೆಗಿನ ಏರಿಕೆಯನ್ನೂ ಒಪ್ಪುವುದುಂಟು. ಇದು ನಿಯಮವಲ್ಲ, ಅನುಭವದ ಸೂತ್ರ. ಆದರೆ ಗಾಳಿಯ ಅಂಕೆಯನ್ನು ಟೈರಿನ ಬಾಯಿಂದಲೇ ಕೇಳುವ ಸೂತ್ರ.

ಎರಡನೆಯದು ಸೀಮೆಸುಣ್ಣದ ಪರೀಕ್ಷೆ. ಟೈರಿನ ನೆಲ ಮುಟ್ಟುವ ಪಟ್ಟಿಗೆ ಅಡ್ಡಲಾಗಿ ದಪ್ಪ ಗೆರೆಯೆಳೆದು, ಸಮತಟ್ಟಾದ ಡಾಂಬರಿನ ಮೇಲೆ ನೇರವಾಗಿ ಸ್ವಲ್ಪ ದೂರ ಓಡಿಸಿ ನೋಡಬೇಕು. ಗೆರೆ ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಗಾಳಿ ಕಡಿಮೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಇಕ್ಕಟ್ಟಾದ ರಿಮ್ಮಿನ ಮೇಲೆ ಅಗಲವಾದ ಟೈರು ಹಾಕಿದ್ದರೆ ಅದರ ನಡು ಸದಾ ಉಬ್ಬಿರುತ್ತದೆ. ಗೆರೆಯನ್ನು ಸಮನಾಗಿ ಅಳಿಸಲು ಗಾಳಿಯನ್ನು ಇಳಿಸುತ್ತ ಹೋದವನು ಭಾರಪಟ್ಟಿಯ ಅಂಕೆಗಿಂತ ಕೆಳಗೆ ಜಾರಿಬಿಡುತ್ತಾನೆ. ಸೀಮೆಸುಣ್ಣವೂ ಭಾರಪಟ್ಟಿಯೂ ಜಗಳವಾಡಿದರೆ ಗೆಲ್ಲತಕ್ಕದ್ದು ಭಾರಪಟ್ಟಿ.

ಮೂಲ ಟೈರು 28 ಅಂಗುಲದ್ದಾಗಿದ್ದು ಈಗ 31 ಅಂಗುಲದ್ದನ್ನು ಹಾಕಿದ್ದರೆ, ವೇಗಮಾಪಕ 80 ಎಂದು ತೋರಿಸುವಾಗ ನಿಜವಾದ ವೇಗ 88 ದಾಟಿರುತ್ತದೆ. ಶಾಖದ ಲೆಕ್ಕದಲ್ಲಿ ಈ ಎಂಟು ಕಿಲೋಮೀಟರು ಅಲಕ್ಷ್ಯ ಮಾಡತಕ್ಕದ್ದಲ್ಲ.

5. ನೆಲ ಬದಲಾದಾಗ

ಚಾಕಣದಿಂದ ರಾಜಗುರುನಗರದ ಮಾರ್ಗವಾಗಿ ಪಶ್ಚಿಮಕ್ಕೆ ತಿರುಗಿದರೆ ಸಹ್ಯಾದ್ರಿಯ ಮಡಿಲು. ಅದರ ನೆತ್ತಿಯಲ್ಲಿ ಭೀಮಾಶಂಕರ. ಅಲ್ಲಿ ಹುಟ್ಟಿದ ಭೀಮೆ, ಭಾಮಾ, ಇಂದ್ರಾಯಣಿಗಳನ್ನು ಕೂಡಿಸಿಕೊಂಡು, ವಿಜಯಪುರ, ಕಲಬುರಗಿ, ಯಾದಗಿರಿಗಳ ನೆಲವನ್ನು ತೋಯಿಸಿ ಕೃಷ್ಣೆಯನ್ನು ಸೇರುತ್ತದೆ. ನದಿಯ ಎರಡು ತುದಿಗಳಲ್ಲಿ ಭಾಷೆ ಬೇರೆಯಾದರೂ ನೆಲದ ಸ್ವಭಾವ ಒಂದೇ ಬಗೆಯದು: ಮೇಲೆ ಕರಿಕಲ್ಲು, ಅದು ಸವೆದ ಗರಸು, ಗರಸು ಕೊಳೆತು ಬಯಲಿನಲ್ಲಿ ಎರೆಮಣ್ಣು. ಈ ಮೂರಕ್ಕೂ ಗಾಳಿಯ ಅಳತೆ ಬೇರೆ ಬೇರೆ.

ಗರಸಿನ ಹಾದಿಯಲ್ಲಿ ಕಲ್ಪಿತ ಜೀಪಿನ ಒತ್ತಡವನ್ನು 22ರಿಂದ 24 ಪೌಂಡಿಗೆ ಇಳಿಸಬಹುದು. ಗಟ್ಟಿ ಟೈರು ಸಣ್ಣ ಕಲ್ಲಿನ ಮೇಲೆ ಪುಟಿಯುತ್ತದೆ. ಮೆತ್ತನೆಯದು ಅದನ್ನು ನುಂಗಿಕೊಂಡು ಹಿಡಿತವನ್ನು ಉಳಿಸಿಕೊಳ್ಳುತ್ತದೆ, ವಾಹನದ ಕೀಲುಗಳಿಗೂ ವಿಶ್ರಾಂತಿ. ವೇಗ ಗಂಟೆಗೆ 50 ಕಿಲೋಮೀಟರನ್ನು ಮೀರಬಾರದು.

ಬಂಡೆಯ ಮೆಟ್ಟಿಲುಗಳನ್ನು ಹತ್ತುವಾಗ 16ರಿಂದ 18 ಪೌಂಡು. ಕೊಲ್ಲೂರಿನಿಂದ ಕೊಡಚಾದ್ರಿಗೆ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಜೀಪಿನಲ್ಲಿ ಹೋದ ವಾಚಕರಿಗೆ ಇದೇ ಸಹ್ಯಾದ್ರಿಯ ದಕ್ಷಿಣ ಭಾಗದ ಅಂಥ ಹಾದಿಗಳ ನೆನಪಿರಬಹುದು; ಅಲ್ಲಿ ಗಾಲಿ ಕಲ್ಲನ್ನು ಮೆಲ್ಲನೆ ತಬ್ಬಿ ಹತ್ತಬೇಕು. ಆದರೆ ಗಾಳಿ ಇಳಿದ ಟೈರಿನ ಪಕ್ಕೆ ಹೊರಕ್ಕೆ ಉಬ್ಬುತ್ತದೆ. ಟೈರಿನ ಅತ್ಯಂತ ತೆಳುವಾದ ಭಾಗ ಅದೇ. ಕರಿಕಲ್ಲಿನ ಅಲಗು ಅದನ್ನು ಸೀಳಬಲ್ಲುದು. ಆದುದರಿಂದ ಹರಿತವಾದ ಕಲ್ಲಿನಲ್ಲಿ ಒಂದೆರಡು ಪೌಂಡು ಹೆಚ್ಚಿಟ್ಟುಕೊಂಡು ನಡಿಗೆಯ ವೇಗದಲ್ಲಿ ಸಾಗುವುದು ಲೇಸು. ಚೆಂದಕ್ಕಾಗಿ ದೊಡ್ಡ ರಿಮ್ಮು, ಕುಳ್ಳು ಪಕ್ಕೆಯ ಟೈರು ಹಾಕಿಸಿದವರಿಗೆ ಗಾಳಿ ಇಳಿಸಲು ಎಡೆಯೇ ಇರುವುದಿಲ್ಲ. ತಗ್ಗಿದೊಡನೆ ರಿಮ್ಮು ಕಲ್ಲಿಗೆ ಬಡಿಯುತ್ತದೆ.

ಎರೆಮಣ್ಣಿನ ಕೆಸರು ಇನ್ನೊಂದು ಬಗೆ. ಮೇಲೆ ತೆಳುವಾದ ಕೆಸರಿದ್ದು ಕೆಳಗೆ ಗಟ್ಟಿ ನೆಲವಿದ್ದರೆ ಟೈರು ಕೆಸರನ್ನು ಕತ್ತರಿಸಿ ತಳ ಮುಟ್ಟಬೇಕು. ಅಲ್ಲಿ ಗಾಳಿಯನ್ನು ಬಹಳ ಇಳಿಸುವುದರಿಂದ ಪ್ರಯೋಜನವಿಲ್ಲ. ತಳವೇ ಸಿಗದ ಆಳವಾದ ಕೆಸರಿನಲ್ಲಿ ತೇಲಬೇಕು. ಅಲ್ಲಿ 16ರವರೆಗೆ ಇಳಿಸಬೇಕು. ಎರೆಯ ಅಂಟು ಎಂಥದೆಂಬುದು ಮಳೆಗಾಲದಲ್ಲಿ ಹೊಲ ದಾಟಿ, ಕಾಲಿಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆದವರಿಗೆ ಗೊತ್ತು. ಟೈರಿನ ಹಲ್ಲುಗಳ ಸಂದು ತುಂಬಿತೆಂದರೆ ಅದು ಹಲ್ಲಿಲ್ಲದ ಗುಂಡು. ಆಗ ಗಾಳಿಯ ಯಾವ ಅಂಕೆಯೂ ನೆರವಿಗೆ ಬಾರದು.

ಮರಳಿನ ಪಾಠವನ್ನು ಜಗತ್ತು ಕಲಿತದ್ದು ಲಿಬಿಯದ ಮರುಭೂಮಿಯಲ್ಲಿ. ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಬ್ರಿಟಿಷ್ ಸೇನಾ ಎಂಜಿನಿಯರನು 1920ರ ದಶಕದಿಂದಲೇ ಸಾಮಾನ್ಯ ಮೋಟಾರುಗಳಲ್ಲಿ ಮರಳುದಿಬ್ಬಗಳನ್ನು ದಾಟುವ ಕ್ರಮವನ್ನು ಅಭ್ಯಾಸ ಮಾಡಿ, 1940ರಲ್ಲಿ ದೂರಗಾಮಿ ಮರುಭೂಮಿ ಪಡೆಯನ್ನು ಕಟ್ಟಿದನು. ಟೈರಿನ ಗಾಳಿಯನ್ನು ಇಳಿಸುವುದು ಅವರ ಉಪಾಯಗಳಲ್ಲೊಂದು. ಎರಡನೆಯ ಮಹಾಯುದ್ಧದಲ್ಲಿಯೇ ಅಮೆರಿಕನ್ನರು ನೀರಿನಲ್ಲಿಯೂ ನೆಲದ ಮೇಲೂ ಸಾಗುವ ಡಕ್ ಎಂಬ ಟ್ರಕ್ಕಿನಲ್ಲಿ, ಚಾಲಕನು ಕುಳಿತಲ್ಲಿಂದಲೇ ಗಾಳಿಯನ್ನು ಏರಿಸಿ ಇಳಿಸುವ ಏರ್ಪಾಡು ಮಾಡಿದರು. ಕಡಲತೀರದ ಮರಳಿಗೊಂದು ಅಂಕೆ, ರಸ್ತೆಗೊಂದು ಅಂಕೆ ಎಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ಮನ್ನಣೆ ಬೇಕಿಲ್ಲ.

ಎಷ್ಟರವರೆಗೆ ಇಳಿಸಬಹುದೆಂಬುದಕ್ಕೂ ಮಿತಿಯಿದೆ. ಟೈರಿನ ಅಂಚನ್ನು ರಿಮ್ಮಿಗೆ ಒತ್ತಿ ಹಿಡಿದಿರುವುದೂ ಇದೇ ಗಾಳಿ. ಸುಮಾರು 12 ಪೌಂಡಿಗಿಂತ ಕೆಳಗೆ, ಅಡ್ಡ ಇಳುಕಲಿನಲ್ಲಿಯೋ ಗಕ್ಕನೆ ತಿರುಗಿಸಿದಾಗಲೋ, ಅಂಚು ಕಳಚಿ ಟೈರು ಒಮ್ಮೆಲೇ ಬರಿದಾಗುವ ಭಯವುಂಟು. ಅಂಚನ್ನು ಬೋಲ್ಟುಗಳಿಂದ ಬಿಗಿಯುವ ಬೀಡ್‌ಲಾಕ್ ರಿಮ್ಮುಗಳಿಲ್ಲದವರು ಈ ಗೆರೆಯನ್ನು ದಾಟಬಾರದು.

6. ತೀರಿಸಬೇಕಾದ ಕೈಗಡ

ಗಾಳಿ ಇಳಿಸುವುದು ಕೈಗಡ ಪಡೆದಂತೆ. ಕಷ್ಟದ ಗಳಿಗೆಯಲ್ಲಿ ಅದು ಉಪಕಾರಿ; ಆದರೆ ಹೊತ್ತಿಗೆ ಸರಿಯಾಗಿ ತೀರಿಸದಿದ್ದರೆ ಮಾನ ಕಳೆಯುತ್ತದೆ. ಭೀಮಾಶಂಕರದ ಕಡೆಯಿಂದ ಇಳಿದು ಬಂದ ಜೀಪು ರಾಜಗುರುನಗರದ ಹತ್ತಿರ ನಾಸಿಕದ ಹೆದ್ದಾರಿಯನ್ನು ಸೇರುವ ಹೊತ್ತಿಗೆ ಕತ್ತಲಾಗಿರುತ್ತದೆ, ಹಿಂದಿನ ಆಸನದಲ್ಲಿ ಮಕ್ಕಳು ನಿದ್ದೆ ಹೋಗಿರುತ್ತಾರೆ, ಮನೆ ಹತ್ತಿರದಲ್ಲಿಯೇ ಇದೆ ಎನಿಸುತ್ತದೆ. ನಾಲ್ಕು ದೊಡ್ಡ ಟೈರುಗಳಿಗೆ ಚಿಕ್ಕ ಪಂಪಿನಿಂದ ಗಾಳಿ ತುಂಬಲು ಅರ್ಧ ಗಂಟೆ ಹಿಡಿಯಬಹುದು. ಆ ಅರ್ಧ ಗಂಟೆಯನ್ನು ಉಳಿಸಿ, 16 ಪೌಂಡಿನಲ್ಲಿಯೇ ಲಾರಿಗಳ ನಡುವೆ 80ರ ವೇಗದಲ್ಲಿ ಓಡಿಸಿದರೆ, ಗಂಟೆಗೆ ಮೂವತ್ತೆರಡು ಸಾವಿರ ಬಾಗುಗಳ ಶಾಖ ಟೈರಿನೊಳಗೆ ಕೂಡುತ್ತ ಹೋಗುತ್ತದೆ. ರಬ್ಬರು ಒಳಗಿನ ನೂಲು, ತಂತಿಗಳಿಂದ ಬಿಟ್ಟುಕೊಳ್ಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ; ಸ್ಫೋಟವೇ ಮೊದಲ ಸೂಚನೆಯಾಗಬಹುದು. ಎತ್ತರಿಸಿದ ಜೀಪು ಆಗ ಮಗುಚುವುದು ಸುಲಭ.

ಕೆಲವೇ ಪೌಂಡುಗಳ ವ್ಯತ್ಯಾಸ ಎಂಥ ವಿವಾದಕ್ಕೆ ಎಡೆಮಾಡಬಹುದೆಂಬುದಕ್ಕೆ ಅಮೆರಿಕದ ಪ್ರಸಂಗವೊಂದನ್ನು ಸ್ಮರಿಸಬಹುದು. ಅಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಿಗೆ ಹಾಕಿದ್ದ ಫೈರ್‌ಸ್ಟೋನ್ ಟೈರುಗಳ ಪಟ್ಟಿಗಳು ಓಟದಲ್ಲಿ ಕಳಚಿಕೊಂಡು, ವಾಹನಗಳು ಮಗುಚಿ, ಇನ್ನೂರಕ್ಕೂ ಮಿಕ್ಕಿ ಜನ ಸತ್ತರು. 2000ದ ಆಗಸ್ಟಿನಲ್ಲಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಲಾಯಿತು. ವಾಹನ ತಯಾರಕರು ಶಿಫಾರಸು ಮಾಡಿದ್ದುದು 26 ಪೌಂಡು. ಟೈರು ತಯಾರಕರು ಬೇಕೆಂದುದು 30. ಒತ್ತಡವೊಂದೇ ಕಾರಣವಾಗಿರಲಿಲ್ಲ, ಟೈರಿನಲ್ಲಿಯೇ ದೋಷವಿದ್ದುದು ಸರಕಾರದ ವಿಚಾರಣೆಯಲ್ಲಿ ಕಂಡುಬಂದಿತು. ಆದರೂ ಒತ್ತಡ ಕಡಿಮೆಯಾದಷ್ಟೂ ಶಾಖವನ್ನು ತಾಳುವ ಟೈರಿನ ಉಳಿಕೆ ಬಲ ಕುಗ್ಗುತ್ತದೆಂಬುದು ವಿವಾದದ ನಡುವೆ ಇದ್ದ ಸಂಗತಿ. ಅದೇ ವರ್ಷ ಅಲ್ಲಿ ಆದ ಕಾನೂನಿನ ಫಲವಾಗಿ, ಗಾಳಿ ಇಳಿದರೆ ಎಚ್ಚರಿಸುವ ಉಪಕರಣವು ಹೊಸ ಕಾರುಗಳಲ್ಲಿ ಕಡ್ಡಾಯವಾಯಿತು. ಪ್ರಯೋಗಶಾಲೆಗಳುಳ್ಳ ಎರಡು ದೊಡ್ಡ ಸಂಸ್ಥೆಗಳ ನಡುವೆಯೇ ಒಂದು ಅಂಕೆಗಾಗಿ ಒಮ್ಮತವಿರಲಿಲ್ಲವೆಂದ ಮೇಲೆ, ಹಾದಿಬದಿಯಲ್ಲಿ ಕೇಳಿದ ಅಂಕೆಯನ್ನು ನಂಬುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಾಚಕರೇ ಯೋಚಿಸಬಹುದು.

ಕಾನೂನಿನ ಮಾತನ್ನೂ ಬಿಡುವಂತಿಲ್ಲ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಿರ್ದೇಶಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಸಾರ್ವಜನಿಕ ರಸ್ತೆಯಲ್ಲಿ ಯಾವ ಮಾರ್ಪಾಡಿಗೆ ಅವಕಾಶವಿದೆಯೆಂಬುದನ್ನು ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ತರುವಾಯ ಪರಿಹಾರದ ಹಕ್ಕಿಗೇ ಕುತ್ತು ತರಬಹುದು. ಗಾಳಿಯ ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ಮಾರ್ಪಾಡು ಸಿಂಧುವಾಗುವುದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಕಾರ್ಖಾನೆಯ ಫಲಕದ ಹಿಂದೆ ತಯಾರಕನ ಹೊಣೆಯಿತ್ತು. ವಾಹನವನ್ನು ಬದಲಿಸಿದ ದಿನ ಆ ಹೊಣೆ ಒಡೆಯನ ಕೈಗೆ ಬಂದಿತು. ಹೊಣೆಯನ್ನು ಹೊತ್ತವನು ಮಾಡತಕ್ಕ ಕೆಲಸ ಹೆಚ್ಚಿನದೇನಲ್ಲ. ಹಳೆಯ ಫಲಕದ ಕೆಳಗೆ ಒಂದು ಚೀಟಿಯನ್ನು ಅಂಟಿಸಿ, ಅದರ ಮೇಲೆ ಕಾಟಾದಲ್ಲಿ ತೂಗಿದ ದಿನಾಂಕ, ಎರಡು ಅಚ್ಚುಗಳ ತೂಕ, ಟೈರಿನ ಅಳತೆ, ಡಾಂಬರು, ಗರಸು, ಬಂಡೆ, ಕೆಸರುಗಳಿಗೆ ಗಾಳಿಯ ಅಂಕೆಗಳು, ಪ್ರತಿಯೊಂದಕ್ಕೂ ಮೀರಬಾರದ ವೇಗ, ಇಷ್ಟನ್ನು ಬರೆದಿಡಬೇಕು. ಹೊಸ ಸಾಮಾನು ಕೂಡಿಸಿದಾಗ, ಟೈರು ಬದಲಿಸಿದಾಗ ಹಳೆಯ ಚೀಟಿಯನ್ನು ಕಿತ್ತು ಮತ್ತೆ ತೂಗಿಸಬೇಕು. ಮಾಪಕ ಮತ್ತು ಪಂಪು ಜೀಪಿನೊಳಗಿರಲಿ. ಹೆದ್ದಾರಿ ಸೇರುವ ಮುನ್ನ ನಿಲ್ಲುವ ಅರ್ಧ ಗಂಟೆ ಪ್ರಯಾಣದ ಲೆಕ್ಕದಲ್ಲಿ ಮೊದಲೇ ಸೇರಿರಲಿ.